ಬಸವಮ್ಮನ ಮುಚ್ಚಳ

"ಹಾರದ ರಿಬ್ಬನ್ ಈ ಕಡೆ ತಿರುಗ್ಸಿ ಮಿಸ್, ಸ್ಕೂಲ್ ಹೆಸ್ರು ಕಾಣ್ಲಿ," ಎಂದರು ಪ್ರಿನ್ಸಿಪಾಲ್ ಚಂದ್ರಮೌಳಿ. ಐಶ್ವರ್ಯ ತಿರುಗಿಸಿದಳು. ಫೋಟೊ ಆಯಿತು.

ದಟ್ಟಗಳ್ಳಿಯ ಆ ಪುಟ್ಟ ಮನೆಯ ಮುಂದೆ ಬಸವಮ್ಮ ಬೆಂಚಿನ ಮೇಲೆ ಮಲಗಿದ್ದರು. ಕೃಷ್ಣಮೂರ್ತಿಪುರಂನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದವರು. ಬದುಕಿದ್ದಾಗ ಅವರು ಎದುರು ಬಂದರೆ ಗೋಡೆಗೆ ಸರಿದು ನಿಲ್ಲುತ್ತಿದ್ದ ಚಂದ್ರಮೌಳಿ ಇವತ್ತು ಕಾಲ ಬಳಿಯೇ ನಿಂತು, ಬೇಕಾದಷ್ಟು ದುಃಖವನ್ನು ಮುಖಕ್ಕೆ ತಂದುಕೊಂಡಿದ್ದರು.

ಮಗ ಸಿದ್ದೇಶ್ ಪಕ್ಕದ ಮನೆಯವರು ಕಾಯಿಸಿದ ಟೀ ತಂದ. "ತಕಳಿ ಸಾರ್."

"ಬೇಡಪ್ಪ, ನಂಗೆ ಶುಗರ್ರು."

ಶುಗರೂ ಇಲ್ಲ, ಮಣ್ಣೂ ಇಲ್ಲ. ಬೆಳಿಗ್ಗೆಯಷ್ಟೇ ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆಂದು ಎರಡು ಮೈಸೂರುಪಾಕ್ ತಿಂದಿದ್ದರು. ಐಶ್ವರ್ಯಳಿಗೆ ಹೇಸಿಗೆಯಾಯಿತು. ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದಳು. ನಾಲಿಗೆ ಸುಟ್ಟಿತು.

ಚಂದ್ರಮೌಳಿ ಅವಳ ಕೈಗೆ ಟೈಪು ಮಾಡಿದ ಹಾಳೆ ಕೊಟ್ಟರು. "ಸ್ಮಶಾನದಲ್ಲಿ ಇದನ್ನ ಓದ್ಬುಡಿ ಮಿಸ್. ನೀವು ಆಕೆ ಕೈಲಿ ಬೆಳೆದೋರು, ಚೆನ್ನಾಗಿರುತ್ತೆ. ವಿಡಿಯೋ ಮಾಡ್ಕೋತೀವಿ."

* * *

ಒಂದನೇ ಕ್ಲಾಸಿನ ಮೊದಲ ದಿನ ಐಶ್ವರ್ಯ ಊಟದ ಬೆಲ್ಲು ಹೊಡೆದರೂ ಅಳುತ್ತಲೇ ಇದ್ದಳು. ಊಟದ ಹೊತ್ತಿಗೆ ಬಸವಮ್ಮ ಎಲ್ಲರ ಡಬ್ಬಿಗಳ ಮುಚ್ಚಳ ತೆಗೆದು, ಸೆರಗಿನಲ್ಲಿ ಗಲಗಲ ಕುಲುಕಿ, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು.

"ಇದು ನಂದಲ್ಲ."

"ಅಂಗಾರೆ ಯಾರ್ದು ಅಂತ ಕೇಳ್ಕೊಂಡು ಬಾ ಕಣವ್ವ. ಬರೀ ಮುಚ್ಚಳ ಈಸ್ಕಬ್ಯಾಡ, ಹೆಸ್ರೂ ಈಸ್ಕೋ."

ಕೇಳುತ್ತಾ ಕೇಳುತ್ತಾ ಅಳು ನಿಂತಿತು. ಅವಳ ಮುಚ್ಚಳ ಹಿಡಿದು ಮೂಲೆಯಲ್ಲಿ ಅಳುತ್ತಿದ್ದವಳು ಭಾನುಪ್ರಿಯಾ. ಇಪ್ಪತ್ತೆರಡು ವರ್ಷದ ಮೇಲೆ ಇವತ್ತಿಗೂ ಜೀವದ ಗೆಳತಿ. ಪ್ರತಿ ಜೂನ್‌ನಲ್ಲೂ ಬಸವಮ್ಮ ಹೀಗೇ ಮಾಡಿದರು. ಹಾಗೆ ಮಾಡು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

* * *

ಅದೇ ಶಾಲೆಗೆ ಐಶ್ವರ್ಯ ಟೀಚರಾಗಿ ಸೇರಿದ ವರ್ಷ ಪೋಷಕರಿಂದ ಫೋನು ಬರತೊಡಗಿತು. ಆಯಮ್ಮ ನಮ್ಮ ಮಕ್ಕಳ ಊಟದ ಡಬ್ಬಿ ಯಾಕೆ ಮುಟ್ಟಬೇಕು? ಜಾತಿ ಎಂದು ಯಾರೂ ಬಾಯಿಬಿಡಲಿಲ್ಲ, ಎಲ್ಲರೂ ಕ್ಲೀನ್‌ನೆಸ್ ಎಂದರು. ಕ್ಲಾಸ್ ಟೀಚರ್ ಕಡೆಯಿಂದಲೇ ಒಂದು ಪತ್ರ ಇರಲಿ ಎಂದರು ಚಂದ್ರಮೌಳಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸ್ವಚ್ಛತೆಯ ದೃಷ್ಟಿಯಿಂದ ಆಯಾ ಡಬ್ಬಿ ಮುಟ್ಟದಿರುವುದು ಒಳ್ಳೆಯದು ಎಂದು ಐಶ್ವರ್ಯ ತನ್ನ ದುಂಡಕ್ಷರದಲ್ಲೇ ಬರೆದು ಸಹಿ ಹಾಕಿದಳು.

ಮಾರನೆಯ ದಿನದಿಂದ ಬಸವಮ್ಮನಿಗೆ ಕಕ್ಕಸು ತೊಳೆಯುವ ಕೆಲಸ. ಅವರ ಊಟದ ಡಬ್ಬಿಗೂ ಸ್ಟಾಫ್ ರೂಮಿನಲ್ಲಿ ಜಾಗವಿಲ್ಲದೆ, ಬಾತ್‌ರೂಮಿನ ಕಿಟಕಿಕಟ್ಟೆಯೇ ಗತಿಯಾಯಿತು. ಮುಂದಿನ ಜೂನ್‌ಗೆ ಶಾಲೆಯವರು ಬಣ್ಣದ ಪ್ಲಾಸ್ಟಿಕ್ ಮುಚ್ಚಳ ತರಿಸಿ, ಅದೇ ಆಟವನ್ನು 'ಸ್ನೇಹ ಸಪ್ತಾಹ' ಎಂದು ಮಾಡಿದರು. ಫ್ಲೆಕ್ಸಿನಲ್ಲಿ ಚಂದ್ರಮೌಳಿಯವರ ಫೋಟೊ ಇತ್ತು.

* * *

ಸ್ಮಶಾನದಲ್ಲಿ ಐಶ್ವರ್ಯ ಹಾಳೆ ಬಿಚ್ಚಿದಳು. 'ನಮ್ಮ ಪ್ರಿನ್ಸಿಪಾಲರ ಕನಸಿನ ಸ್ನೇಹ ಸಪ್ತಾಹಕ್ಕೆ ಅಳಿಲು ಸೇವೆ ಸಲ್ಲಿಸಿದ ಬಸವಮ್ಮನವರು...' ಇದು ಸುಳ್ಳು ಎಂದು ಈಗಲೇ ಹೇಳಬೇಕು, ಇನ್ನು ಅರ್ಧ ಗಂಟೆಗೆ ಅವರ ಮೇಲೆ ಮಣ್ಣು ಬೀಳುತ್ತದೆ ಎಂದುಕೊಂಡಳು. ಚಂದ್ರಮೌಳಿ ಕನ್ನಡಕ ಸರಿಪಡಿಸಿಕೊಂಡು ಅವಳನ್ನೇ ನೋಡಿದರು. ಅವಳು ಕೊನೆಯ ಸಾಲಿನವರೆಗೂ, ಒಂದಕ್ಷರ ಬಿಡದೆ ಓದಿದಳು.

ಸಿದ್ದೇಶ್ ಹತ್ತಿರ ಬಂದ. "ಚೆನ್ನಾಗಿ ಓದುದ್ರಿ ಮಿಸ್. ಐಶ್ವರ್ಯ ಮಿಸ್ಸು ನನ್ನ ಮುಚ್ಚಳದ ಹುಡ್ಗಿ ಅಂತ ಅವ್ವ ಎಲ್ಲರ್ಗೂ ಹೇಳ್ಕೊತಿತ್ತು."

ಅವಳು ಹಾಳೆಯನ್ನು ನಾಲ್ಕಾಗಿ ಮಡಿಸಿದಳು.

ಬಸವಮ್ಮನನ್ನು ಗುಂಡಿಗೆ ಇಳಿಸಿದರು. "ಇಷ್ಟದ ವಸ್ತು ಏನಾರ ಇದ್ರೆ ಜೊತೇಲಿ ಇಡ್ರಪ್ಪ," ಎಂದರು ಮಣ್ಣು ಮಾಡಿಸುತ್ತಿದ್ದ ಹಿರಿಯ ಬೆಟ್ಟಯ್ಯ. ಸಿದ್ದೇಶ್ ಅವ್ವನ ಸ್ಟೀಲ್ ಡಬ್ಬಿಗೆ ಮೊಸರನ್ನ ತುಂಬಿ ತಂದಿದ್ದ. ಬಗ್ಗಿ ಅದನ್ನು ಕೈಪಕ್ಕ ಇಟ್ಟ. ಡಬ್ಬಿ ತೆರೆದೇ ಇತ್ತು.

"ಮುಚ್ಚಳ ಸ್ಕೂಲಲ್ಲೇ ಕಳ್ದೋಯ್ತು ಅಂತಿತ್ತು ಮಿಸ್. ಎಲ್ಲರ್ದೂ ಹುಡುಕ್ಸಿ ಕೊಡ್ತಿತ್ತು, ತನ್ದೇ ಸಿಗ್ನಿಲ್ಲ. ನೀವೇನಾದ್ರೂ ಕಂಡ್ರಾ?"

"ಇಲ್ಲ," ಎಂದಳು ಐಶ್ವರ್ಯ.

ಕಂಡಿದ್ದಳು. ಬಸವಮ್ಮ ಒಳಗೆ ಬರುವಂತಿಲ್ಲದ ಸ್ಟಾಫ್ ರೂಮಿನ ವಾಶ್‌ಬೇಸಿನ್ ಮೇಲೆ ಯಾರೋ ಅದನ್ನು ಮಗುಚಿ ಸೋಪು ಇಡಲು ಬಳಸಿಕೊಂಡಿದ್ದರು. ಅಂಚಿನಲ್ಲಿ ಕೊರೆಸಿದ್ದ 'ಬಸವಮ್ಮ' ತಲೆಕೆಳಗಾಗಿ ಕಾಣುತ್ತಿತ್ತು. ಎರಡು ವರ್ಷದಿಂದ ಅದರಲ್ಲಿನ ಸೋಪಿನಲ್ಲೇ ಅವಳು ದಿನಾ ಕೈ ತೊಳೆಯುತ್ತಿದ್ದಳು, ಈ ಬೆಳಿಗ್ಗೆಯೂ.

"ನೀವೂ ಒಂದಿಡಿ ಮಣ್ಣಾಕಿ ಮಿಸ್ಸಮ್ಮ," ಎಂದರು ಬೆಟ್ಟಯ್ಯ.

ಐಶ್ವರ್ಯ ಬಗ್ಗಿ ಮಣ್ಣು ತೆಗೆದುಕೊಂಡಳು. ಕೈ ಮುಖದ ಹತ್ತಿರ ಬಂದಾಗ ಸೋಪಿನ ವಾಸನೆ ಬಂತು. ಮುಷ್ಟಿ ಬಿಚ್ಚಿದಳು. ಮಣ್ಣು ತೆರೆದ ಡಬ್ಬಿಯೊಳಗೆ, ಬಿಳಿ ಅನ್ನದ ಮೇಲೆ ಬಿತ್ತು.