ಉತ್ತರದ ಕಿಟಕಿಯ ಮನೆ

ನನ್ನ ಬಾಯಿಚಟದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಎಲೆ ಅಡಿಕೆ ಕಂಡರೆ ನನ್ನ ಕೈ ತಾನಾಗಿಯೇ ಹೋಗುತ್ತದೆ. ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಇನ್ನೇನು ಚಟ ಬಂದೀತು? ಈ ಚಟದಿಂದಲೇ ನಾನು, ಹಾಲಸ್ವಾಮಿ ಎಂಬ ಮಹಾ ಹುಷಾರಿ ಮನುಷ್ಯ, ಇದ್ದ ಮನೆ ಮಾರದೆ ಇನ್ನೊಂದು ಮನೆ ಕೊಳ್ಳುತ್ತೇನೆಂದು ಮಾತು ಕೊಟ್ಟು ಬಂದೆ.

ಆ ಮನೆ ಇದ್ದದ್ದು ಚನ್ನಗಿರಿಯಲ್ಲಿ, ಬಸ್ ನಿಲ್ದಾಣದಿಂದ ಎರಡು ಬೀದಿ ಒಳಗೆ. ನಿವೃತ್ತ ಮೇಷ್ಟ್ರು ಕೊಟ್ರಬಸಪ್ಪನವರದು. ನನ್ನ ಹೆಂಡತಿ ಶಾಂತಲಾ ನಾಲ್ಕು ವರ್ಷದಿಂದ ಅದರ ಮೇಲೆ ಕಣ್ಣಿಟ್ಟಿದ್ದಳು. ಅವಳು ಟೈಲರ್. ಲೈನಿಂಗ್ ಬಟ್ಟೆ, ದಾರ ತರಲು ನ್ಯಾಮತಿಯಿಂದ ಚನ್ನಗಿರಿಗೆ ಬಂದಾಗಲೆಲ್ಲ, ಸುತ್ತಾದರೂ ಪರವಾಗಿಲ್ಲವೆಂದು ಆ ಬೀದಿಯಲ್ಲೇ ನಡೆದು ಹೋಗುವಳು. ಮನೆಯ ಮುಂದಿನ ಕೋಣೆಗೆ ಉತ್ತರಕ್ಕೆ ಒಂದು ಅಗಲವಾದ ಕಿಟಕಿ, ಬಿಸಿಲು ಬೀಳದೆ ಬೆಳಕಷ್ಟೇ ಬರುವಂಥದ್ದು. ಅವಳಿಗೆ ಬೇಕಾದದ್ದು ಆ ಕಿಟಕಿ, ಮನೆ ಅದಕ್ಕೆ ಅಂಟಿಕೊಂಡು ಬರುವ ವಸ್ತು, ಅಷ್ಟೇ.

ಇದರ ಹಿಂದೆ ಕಾರಣವಿತ್ತು. ನ್ಯಾಮತಿಯ ನಮ್ಮ ಮನೆಯ ಬಾಗಿಲು ದಕ್ಷಿಣಕ್ಕೆ. ಮುಂದೆ ದೊಡ್ಡ ಅಂಗಳ. ಅಲ್ಲಿ ಬೀಳುವ ಬಿಸಿಲು ಹೊಸ್ತಿಲು ದಾಟಿ ಸೀದಾ ಅವಳ ಮಿಷನ್ ಮೇಲೆ ಬರುತ್ತದೆ. ಗಿರಾಕಿಗಳು ಕೊಟ್ಟ ರೇಷ್ಮೆ ಬಣ್ಣ ಮಾಸೀತೆಂದು ಅವಳು ಬಾಗಿಲು ಮುಂದೆ ಮಾಡಿ, ಹಾಡಹಗಲೇ ಬಲ್ಬ್ ಹಾಕಿಕೊಂಡು ಹೊಲಿಯುವಳು. ಬಲ್ಬಿನ ಬೆಳಕಿನಲ್ಲಿ ಮೆರೂನ್ ದಾರಕ್ಕೂ ಕಂದು ದಾರಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಸಲ ಮದುವೆ ಹೆಣ್ಣಿನ ರವಿಕೆಗೆ ತಪ್ಪು ದಾರ ಬಿತ್ತು. ಹೆಣ್ಣಿನ ಕಡೆಯವರು ಒಯ್ದು, ಮೆಚ್ಚಿ, ದುಡ್ಡೂ ಕೊಟ್ಟರು. ಇವಳು ಮಾರನೆಯ ದಿನ ಅದನ್ನು ವಾಪಸು ತರಿಸಿ, ಪೂರ್ತಿ ಬಿಚ್ಚಿ, ಮತ್ತೆ ಹೊಲಿದು ಕೊಟ್ಟಳು. ಅವಳಿಗೆ ತಲೆ ಕೆಟ್ಟಿದೆ ಎಂದು ನಾನು ಅಂದೆ. ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ದೀಪಾವಳಿ ಕಳೆದ ವಾರ, ಮೇಷ್ಟ್ರು ಮನೆ ಮಾರುತ್ತಾರಂತೆ ಎಂಬ ಸುದ್ದಿಯನ್ನು ಮಂಡಿಯಿಂದ ನಾನೇ ತಂದೆ. ಅವರು ಮಗಳ ಊರು ಹೊನ್ನಾಳಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. "ಸುಮ್ನೆ ನೋಡ್ಕೊಂಡು ಬರೋಣ ರೀ, ನೋಡಾಕೆ ಏನು ದುಡ್ಡು ಕೊಡಬೇಕಾ?" ಎಂದಳು ಶಾಂತಲಾ. ಬೈಕಿನಲ್ಲಿ ಕೂರಿಸಿಕೊಂಡು ಹೋದೆ. ಸವಳಂಗದಲ್ಲಿ ಚಹಾ ಕುಡಿಯುವಾಗ ನಾನು ಅವಳಿಗೆ ಮೂರು ಸಲ ಬುದ್ಧಿ ಹೇಳಿದೆ. ಮೊದಲು ನಮ್ಮ ಮನೆ ಮಾರಬೇಕು, ಆಮೇಲೆ ಮಾತು, ಅಲ್ಲಿ ನೀನು ಬಾಯಿ ಬಿಡಬೇಡ ಎಂದೆ. ಅವಳು ತಲೆಯಾಡಿಸಿದಳು.

ಅವಳು ಬಾಯಿ ಬಿಡಲೂ ಇಲ್ಲ. ಮುಂದಿನ ಕೋಣೆಯ ಕಿಟಕಿಯ ಹತ್ತಿರ ನಿಂತು, ತನ್ನ ಸೆರಗಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. ಅಷ್ಟೇ. ನಾನು ಪಡಸಾಲೆಯಲ್ಲಿ ಮೇಷ್ಟ್ರ ಎದುರು ಕೂತಿದ್ದೆ. ಅವರು ಕಾಫಿ ಕೊಟ್ಟರು, ಮನೆಯ ವಿವರ ಹೇಳಿದರು, ರೇಟು ಹೇಳಿದರು. ಹೇಳಿ, ಎಲೆ ಅಡಿಕೆಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ನಾನು ಎರಡು ಎಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡೆ. ಮೇಷ್ಟ್ರು ಎದ್ದು ನಿಂತು ಕೈ ಮುಗಿದರು.

"ಬಾಳ ಸಂತೋಷ. ಮಾತು ಮುಗೀತು ಅಂದ್ಕೊಳ್ತೀನಿ. ಶಿವರಾತ್ರಿ ಒಳಗೆ ರಿಜಿಸ್ಟ್ರಿ ಮಾಡಿಸ್ಕೊಳ್ರಿ."

ನಮ್ಮ ಕಡೆ ಗೊತ್ತಲ್ಲ, ರೇಟು ಹೇಳಿದ ಮೇಲೆ ತಟ್ಟೆ ಮುಂದೆ ಬಂದರೆ ಅದು ಉಪಚಾರವಲ್ಲ. ಒಪ್ಪಿಗೆಯಾದರೆ ಹಾಕಿಕೊಳ್ಳುತ್ತಾರೆ, ಇಲ್ಲದಿದ್ದರೆ ತಟ್ಟೆ ಮುಟ್ಟಿ ನಮಸ್ಕಾರ ಮಾಡಿ ಏಳುತ್ತಾರೆ. ಸಾವಿರ ವ್ಯಾಪಾರ ಹೀಗೆ ಕುದುರಿದ್ದನ್ನು ಕಣ್ಣಾರೆ ಕಂಡ ನಾನೇ ಮರೆತಿದ್ದೆ. ಅಗಿಯುವುದೋ ಉಗಿಯುವುದೋ ತಿಳಿಯದೆ ಬಾಯಿ ತುಂಬ ಕೆಂಪು ರಸ ಇಟ್ಟುಕೊಂಡು ಶಾಂತಲಾಳ ಮುಖ ನೋಡಿದೆ. ಅವಳು ಕಿಟಕಿ ಬಿಟ್ಟು ಬಂದು, ನನ್ನ ಪಕ್ಕದಲ್ಲಿ ನಿಂತು, ಮೇಷ್ಟ್ರಿಗೆ ಕೈ ಮುಗಿದಳು.

ವಾಪಸು ಬರುವಾಗ ನಾನೇ ರೇಗಿದೆ. ತಪ್ಪು ನನ್ನದಾದಾಗ ನಾನು ರೇಗುವುದು ಜಾಸ್ತಿ. "ನೀನಾದ್ರೂ ತಡೀಬೇಕಿತ್ತು. ಹೆಂಗೆ ಕೊಳ್ಳೋದು ಈಗ? ಫೋನ್ ಮಾಡಿ ಗೊತ್ತಾಗದೆ ಹಾಕ್ಕೊಂಡೆ ಅಂತ ಹೇಳಿಬಿಡ್ತೀನಿ."

"ಮಂಡಿ ಗುಮಾಸ್ತರಿಗೆ ಎಲೆ ಅಡಿಕೆ ಅಂದ್ರೆ ಗೊತ್ತಾಗಲಿಲ್ಲ ಅಂದ್ರೆ ಊರು ನಗ್ತೈತೆ" ಎಂದಳು ಹಿಂದಿನಿಂದ. "ಹಾಕ್ಕೊಂಡಿದ್ದು ಆತು. ಮೂರು ತಿಂಗಳ ಮೇಲೈತೆ. ಮನೆ ಮಾರೋಣ."

ಅವಳ ದನಿಯಲ್ಲಿ ಗಾಬರಿ ಇರಲಿಲ್ಲ. ನನಗೆ ಅದೇ ಹೆಚ್ಚು ಗಾಬರಿಯಾಯಿತು.

ಮನೆ ಮಾರುವುದೇನು ಸುಲಭವೇ? ದಲ್ಲಾಳಿ ಗುರುಬಸವರಾಜ್ ಒಂದೂವರೆ ತಿಂಗಳಲ್ಲಿ ಒಂಬತ್ತು ಜನರನ್ನು ಕರೆತಂದ. ಬಂದವರು ಗೇಟಿನಲ್ಲೇ ನಿಂತು ಮೊಬೈಲ್ ತೆಗೆಯುವರು, ಅದರಲ್ಲಿ ದಿಕ್ಸೂಚಿ ನೋಡುವರು. ಮುಳ್ಳು ತಿರುಗಿ ನಿಂತ ಕೂಡಲೇ ಅವರ ಮುಖವೂ ತಿರುಗುವುದು. ದಕ್ಷಿಣದ ಬಾಗಿಲು! ಒಬ್ಬರು ಒಳಗೆ ಬಂದು ನೀರನ್ನೂ ಕುಡಿಯಲಿಲ್ಲ. ಇಪ್ಪತ್ತು ವರ್ಷ ನಾವಿಬ್ಬರೂ ಅದೇ ಬಾಗಿಲಲ್ಲಿ ಓಡಾಡಿ ಗುಂಡುಕಲ್ಲಿನ ಹಾಗೆ ಇದ್ದೇವೆ ಎಂದು ನಾನು ಕೂಗಾಡಿದರೆ ಯಾರು ಕೇಳುತ್ತಾರೆ?

ಗುರುಬಸವರಾಜ್ ಒಂದು ಉಪಾಯ ಹೇಳಿದ. "ಪಕ್ಕದ ಗೋಡೆ ಒಡೆದು ಪೂರ್ವಕ್ಕೊಂದು ಬಾಗಿಲು ಕೂರಿಸ್ರಿ ಅಣ್ಣ. ಮೊದಲಿಂದ ಹಿಂಗೇ ಐತೆ ಅನ್ರಿ. ಹೊರಗಿನವರಿಗೆ ಏನು ತಿಳೀತೈತೆ?"

ನನಗೆ ಸರಿ ಅನ್ನಿಸಿತು. ಶಾಂತಲಾ ಕತ್ತರಿ ಕೆಳಗಿಟ್ಟು ಎದ್ದು ಬಂದಳು. "ಆ ಗೋಡೆ ಆಚೆ ಬೇರೆಯವರ ಜಾಗ ಐತೆ. ಕೊಂಡೋರು ಆ ಬಾಗಿಲು ತೆಗೆದು ಎಲ್ಲಿಗೆ ಕಾಲಿಡ್ತಾರೆ? ಬ್ಯಾಡ."

ಅವನು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಅಂದೆ. ಆ ಕಿಟಕಿಯ ಆಸೆಗೆ ನನ್ನ ಮರ್ಯಾದೆ ಹೋಗುತ್ತದೆ ಎಂದೆ. ಎಲೆ ಅಡಿಕೆ ಹಾಕಿಕೊಂಡವನು ನಾನೇ ಎಂಬುದು ಆಗ ನೆನಪಾಗಲಿಲ್ಲ. ಅವಳು ಹೊಲಿಗೆ ಮುಂದುವರಿಸಿದಳು.

ಶಿವರಾತ್ರಿಗೆ ಇಪ್ಪತ್ತು ದಿನ ಉಳಿದಾಗ ನನ್ನ ಧೈರ್ಯ ಪೂರ್ತಿ ಸೋರಿಹೋಯಿತು. ಮೇಷ್ಟ್ರ ಮನೆಯನ್ನು ಒಬ್ಬ ಅಡಿಕೆ ವ್ಯಾಪಾರಿ ಕೇಳುತ್ತಿದ್ದಾನೆ, ನಮಗಿಂತ ಹೆಚ್ಚಿಗೆ ಹೇಳಿದ್ದಾನೆ ಎಂದು ಮಂಡಿಯಲ್ಲಿ ಕಿವಿಗೆ ಬಿತ್ತು. ಮಂಡಿಯಲ್ಲಿ ಮಾತು ತಪ್ಪಿದವನ ಗತಿ ನನಗೆ ಗೊತ್ತು. ಎದುರಿಗೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಮಾರನೆಯ ದಿನದಿಂದ ಅವನ ಮಾತಿಗೆ ಯಾರೂ ತಲೆಯೆತ್ತುವುದಿಲ್ಲ. ಹೊರಗೆ ಹಾಕಿಸಿಕೊಳ್ಳುವ ಮೊದಲು ನಾವೇ ಆ ಮಾತಿನಿಂದ ಹೊರಗೆ ಬರುವುದು ಲೇಸೆಂದು, ಶಾಂತಲಾಗೆ ಹೇಳದೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೇಷ್ಟ್ರ ಮನೆಗೆ ಹೋದೆ.

"ಮೇಷ್ಟ್ರೇ, ಅವತ್ತು ಏನಾತು ಅಂದ್ರೆ, ನನಗೊಂದು ಚಟ ಐತೆ..." ಎಂದು ಶುರುಮಾಡಿದೆ.

ಅವರು ನಗುತ್ತ ಕೈ ಎತ್ತಿ ತಡೆದರು. "ಗೊತ್ತೈತೆ ಹಾಲಸ್ವಾಮಿ. ನಿಮ್ಮ ಮನೆಯವರು ಹೋದ ಗುರುವಾರ ಬಂದಿದ್ರು."

ಗುರುವಾರ ಅವಳು ದಾರ ತರಲು ಹೋಗಿದ್ದಳೆಂದು ನಾನು ತಿಳಿದಿದ್ದೆ.

"ಬಂದು, ಕೂರ್ರಿ ಅಂದ್ರೂ ಕೂರಲಿಲ್ಲ. 'ನಮ್ಮ ಯಜಮಾನರು ಅವತ್ತು ಮರೆತು ಹಾಕ್ಕೊಂಡಿದ್ದು. ಅವರು ಬಂದು ಬ್ಯಾಡ ಅಂದ್ರೂ ಅನ್ನಬೌದು. ಅದರಲ್ಲಿ ಅವರ ತಪ್ಪಿಲ್ಲ, ನನಗೋಸ್ಕರ ಹೆದರ್ತಾರೆ. ಮನೆ ಬೇಕಾಗಿರೋದು ನನಗೆ. ಆ ತಟ್ಟೆ ಕೊಡ್ರಿ' ಅಂದ್ರು. ಈ ಮನೇಲಿ ಇವತ್ತಿನ ತನಕ ಯಾವ ಹೆಣ್ಣುಮಗಳೂ ಆಸ್ತಿ ಮಾತಿಗೆ ಎಲೆ ಹಾಕ್ಕೊಂಡಿದ್ದು ನಾನು ಕಂಡಿಲ್ಲ. ನಿಂತ್ಕೊಂಡೇ ಹಾಕ್ಕೊಂಡ್ರು. ಅಭ್ಯಾಸ ಇಲ್ಲ ನೋಡ್ರಿ, ಸುಣ್ಣ ಜಾಸ್ತಿ ಆಗಿ ಕಣ್ಣಲ್ಲಿ ನೀರು ಬಂತು. ಆದ್ರೂ ಉಗೀಲಿಲ್ಲ."

ಇಪ್ಪತ್ತು ವರ್ಷ ಜೊತೆಗಿದ್ದರೂ ಇವಳು ಎಷ್ಟು ದೊಡ್ಡವಳೆಂದು ನನಗೆ ತಿಳಿದಿರಲಿಲ್ಲ. ಮೇಷ್ಟ್ರು ತಾವಾಗಿಯೇ ಹೇಳಿದರು: "ಆ ವ್ಯಾಪಾರಿಗೆ ಆಗಲ್ಲ ಅಂತ ಹೇಳಿ ಕಳಿಸೀನಿ. ಆದ್ರೆ ಶಿವರಾತ್ರಿ ದಾಟಂಗಿಲ್ಲ. ನನ್ನ ಕಟ್ಟಡದ ಕೆಲಸ ನಿಂತೈತೆ."

ಅಂದು ಬೇಗ ಮನೆಗೆ ಬಂದೆ. ಅವಳ ಎದುರು ನಿಂತು ತಪ್ಪಾಯಿತೆಂದು ಹೇಳಬೇಕೆಂದುಕೊಂಡಿದ್ದೆ. ನೋಡಿದರೆ ಅಂಗಳದ ನಡುವೆ ಒಬ್ಬ ಹೆಂಗಸು ಮಣೆ ಹಾಕಿಕೊಂಡು ಕೂತಿದ್ದಾಳೆ. ಜಗಳೂರು ಕಡೆಯ ಕಾಟಮ್ಮ. ನ್ಯಾಮತಿ ಸಂತೆಯಲ್ಲಿ ಹಪ್ಪಳ ಸಂಡಿಗೆ ಮಾರುವವಳು, ಊರಿನಲ್ಲೇ ಬಾಡಿಗೆ ಮನೆ ಮಾಡಿಕೊಂಡು ಆರು ಹೆಂಗಸರಿಗೆ ಕೆಲಸ ಕೊಟ್ಟಿದ್ದವಳು.

"ಬೆಳಿಗ್ಗೆಯಿಂದ ಕೂತವ್ರೆ" ಎಂದಳು ಶಾಂತಲಾ. "ಹೋದ ಸಂತೇಲಿ ಅವರ ಹಪ್ಪಳಕ್ಕೆ ಬೂಸಲು ಬಂದಿತ್ತು. ಯಾಕೆ ಅಂತ ಕೇಳಿದೆ. ಬಾಡಿಗೆ ಮನೆ ಓಣೀಲಿ ಚಳಿಗಾಲದಾಗೆ ಎರಡು ತಾಸೂ ಬಿಸಿಲು ಬೀಳಲ್ವಂತೆ. ಮನೆಗೆ ಬಂದ ಮೇಲೆ ಹೊಳೀತು. ನಾನು ಇಪ್ಪತ್ತು ವರ್ಷದಿಂದ ಬೈಯ್ಕೊಂಡು ಬಾಗಿಲು ಹಾಕ್ತಿರೋ ಬಿಸಿಲು, ಇನ್ನೊಬ್ಬರಿಗೆ ಬೇಕಾಗಿರಬೌದಲ್ಲ ರೀ?"

ದಕ್ಷಿಣದ ಬಾಗಿಲೆಂದು ಕಾಟಮ್ಮನಿಗೆ ಮೊದಲೇ ಹೇಳಿದ್ದಳಂತೆ. ಬೇಸಿಗೆಯಲ್ಲಿ ಒಳಗೆ ಸೆಖೆ ಆಗುತ್ತದೆಂದೂ, ಹಿತ್ತಲಿನ ಮೂಲೆಯ ಹಂಚು ಸೋರುತ್ತದೆಂದೂ ಹೇಳಿದ್ದಳಂತೆ. ಕಾಟಮ್ಮ ಎಲ್ಲ ಕೇಳಿಕೊಂಡು, ಬಾಯಿಮಾತು ಸಾಲದು, ಒಂದು ದಿನ ಕೂತು ನೋಡುತ್ತೇನೆ ಎಂದು ಬಂದಿದ್ದಳು. ನಾನು ಬಂದಾಗ ಹೊತ್ತು ಇಳಿಯುತ್ತಿತ್ತು. ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಅವಳು ಎದ್ದು, ನೆಲಕ್ಕೆ ಅಂಗೈ ಇಟ್ಟು ನೋಡಿದಳು.

"ಯಮನ ದಿಕ್ಕು ಅಂತಾರಲ್ಲ ಕಾಟಮ್ಮ, ನಿಮಗೆ ಹೆದರಿಕೆ ಇಲ್ವಾ?" ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ಶಾಂತಲಾಳ ನಿಜ ಹೇಳುವ ಗುಣ ಅದಾಗಲೇ ನನಗೂ ತಗುಲಿತ್ತು ಅಂತ ಕಾಣುತ್ತದೆ.

"ಬೂಸಲಿಗೆ ಹೆದರ್ತೀನಿ ಕಣಣ್ಣ" ಎಂದಳು ಕಾಟಮ್ಮ. "ಬೆಳಿಗ್ಗೆಯಿಂದ ಮಣೆ ಸರಿಸಿಲ್ಲ ನಾನು, ಬಿಸಿಲು ನನ್ನ ಬಿಟ್ಟು ಹೋಗಿಲ್ಲ. ಹಿಂಗಿರೋ ಅಂಗಳ ಎಲ್ಲಿ ಸಿಗ್ತೈತೆ? ಬ್ಯಾಂಕಿನೋರು ಸಾಲ ಕೊಡ್ತೀನಿ ಅಂದವ್ರೆ. ಮಾತಾಡ್ರಿ."

ಒಳಗೆ ಹೋಗಿ ತಟ್ಟೆ ತಂದವಳು ಶಾಂತಲಾ. ರೇಟು ಹೇಳಿದವಳೂ ಅವಳೇ. ನಾನು ಗೋಡೆಗೆ ಒರಗಿ ನಿಂತಿದ್ದೆ. ಇಬ್ಬರು ಹೆಂಗಸರು ಬಿಸಿಲಿನಲ್ಲಿ ಕೂತು ಒಂದು ಮನೆಯ ವ್ಯಾಪಾರವನ್ನು ಹತ್ತು ನಿಮಿಷದಲ್ಲಿ, ಒಂದು ಸುಳ್ಳಿಲ್ಲದೆ ಮುಗಿಸಿದರು. ಮಂಡಿಯಲ್ಲಿ ಇಷ್ಟು ವರ್ಷದಲ್ಲಿ ಅಂಥ ವ್ಯಾಪಾರವನ್ನು ನಾನು ನೋಡಿರಲಿಲ್ಲ.

ಕಾಟಮ್ಮನ ಬ್ಯಾಂಕಿನ ದುಡ್ಡು ನಮ್ಮ ಕೈಗೆ ಬಂದು, ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಚನ್ನಗಿರಿಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆಯುವವನ ಮೇಜಿನ ಮುಂದೆ ಮೇಷ್ಟ್ರು, ಶಾಂತಲಾ, ನಾನು ಮೂವರೂ ಕೂತಿದ್ದೆವು. ಕೊಡುವವರ ವಿವರ ಬರೆದುಕೊಂಡು ಅವನು ನನ್ನ ಕಡೆ ತಿರುಗಿದ.

"ಕೊಳ್ಳೋರ ಹೆಸರು, ತಂದೆ ಹೆಸರು ಹೇಳ್ರಿ ಸರ್."

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿದರು: "ನನಗೆ ಮಾತು ಕೊಟ್ಟೋರು ಆಯಮ್ಮ. ಅವರ ಹೆಸರಿಗೇ ಬರೀರಿ, ಹಾಲಸ್ವಾಮಿ ಒಪ್ಪೋದಾದ್ರೆ."

ಪತ್ರ ಬರೆಯುವವನು ಪೆನ್ನು ಎತ್ತಿಕೊಂಡೇ ಕಾದ. ಶಾಂತಲಾ ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಆಧಾರ್ ಕಾರ್ಡು ನೋಡುತ್ತಿದ್ದಳು.

"ಬರೀರಿ" ಎಂದೆ. "ಶಾಂತಲಾ."

"ಹಂಗಾದ್ರೆ ನೀವು?" ಎಂದ ಅವನು.

ಪತ್ರದ ಕೊನೆಯಲ್ಲಿ ಸಾಕ್ಷಿಗಳ ಜಾಗವಿತ್ತು. ಇವಳು ಕೊಟ್ಟ ಮಾತಿಗೆ ನಿಂತ ರೀತಿಗೆ ನನಗಿಂತ ಒಳ್ಳೆಯ ಸಾಕ್ಷಿ ಬೇರೆ ಯಾರಿದ್ದರು? ಒಂದನೆಯ ಸಾಲಿನಲ್ಲಿ ನನ್ನ ಸಹಿ ಹಾಕಿದೆ.