ಹೊಳೆಗೆ ಮೊದಲು ನನ್ನ ಉಡಿ

ನನ್ನ ಬೋಟು ಬೇಕು, ನಾನು ಬೇಡ. ನಿವೇದಿತಾ ಫೋನಿನಲ್ಲಿ ಹೇಳಿದ್ದರ ಸಾರ ಇಷ್ಟೇ.

"ಬ್ಯಾಸರಾ ಮಾಡ್ಕೋಬ್ಯಾಡ್ರಿ ಸುಮಿತ್ರಾ ಆಂಟಿ. ಹೊಳಿಗೆ ಉಡಿ ತುಂಬೂದು ಮುತ್ತೈದೇರ ಕೆಲಸ. ಈ ಸಲ ನಮ್ಮ ಮನಿಯವರು ವಿಜಯ್ ಬೋಟ್ ನಡಸ್ತಾರ. ನೀವು ಮನ್ಯಾಗ ಆರಾಮ ಇರ್ರಿ."

ಪ್ರತಿ ಶ್ರಾವಣದಲ್ಲೂ ಹ್ಯೂಸ್ಟನ್ ಕಡೆಯ ನಮ್ಮ ಹೆಂಗಸರು ಬ್ರಜೋಸ್ ನದಿಗೆ ಉಡಿ ತುಂಬುತ್ತಾರೆ: ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಬೇರು. ದಡದ ಕೆಸರಿನಲ್ಲಲ್ಲ, ನಡುಹೊಳೆಯ ಹರಿಯುವ ನೀರಿಗೆ. ಅವರನ್ನು ಅಲ್ಲಿಗೆ ಒಯ್ಯುತ್ತಿದ್ದದ್ದು ನಮ್ಮ ಬೋಟು. ಕ್ಲಿಯರ್ ಲೇಕ್‌ನಲ್ಲಿ ಎಂಜಿನಿಯರ್ ಆಗಿದ್ದ ನನ್ನ ಗಂಡ ಚನ್ನವೀರಪ್ಪ ರಿಟೈರ್ ಆದಮೇಲೆ ನದಿಗೆ ಸೇರುವ ಈ ಕಾಲುವೆಯ ದಂಡೆಯಲ್ಲಿ ಮನೆ ಮಾಡಿ, ಇಂಗ್ಲೆಂಡಿನಲ್ಲಿ ಕಂಡಿದ್ದಂಥ ಉದ್ದನೆಯ ಇಕ್ಕಟ್ಟು ಬೋಟನ್ನು ತಾವೇ ಕಟ್ಟಿದರು. ಕಟ್ಟಿದ್ದಷ್ಟೇ ಅವರು, ನಡೆಸುತ್ತಿದ್ದವಳು ನಾನು. ಈ ಯುಗಾದಿಗೆ ಮೊದಲು ಅವರು ತೀರಿಕೊಂಡರು. ಅಷ್ಟಕ್ಕೇ ನನ್ನ ಕೈ ಕೆಟ್ಟುಹೋಯಿತೇ? ಮೈಯೆಲ್ಲ ಉರಿಯಿತು.

ಬೆಳಿಗ್ಗೆ ವಿಜಯ್ ಕೀ ಇಸಿದುಕೊಳ್ಳಲು ಬರುವ ಮೊದಲೇ ಉಡಿಯ ಬುಟ್ಟಿ ಹಿಡಿದು ಹೊರಟೆ. ನನಗಿಂತ ಮುಂಚೆ ಬೋಟು ಹತ್ತಿದವನು ಬೆಲ್ಲ, ಅದೇ ಬಣ್ಣದ ನಮ್ಮ ನಾಯಿ. ಮುಂತುದಿಯಲ್ಲಿ ಕೂತು ಯಜಮಾನಿಕೆ ಶುರುಮಾಡಿದ.

ಬೋಟಿನದು ಎಮ್ಮೆ ನಡಿಗೆ. ಕಾಲುವೆ ನದಿಗೆ ಸೇರುವಲ್ಲಿ ಕಬ್ಬಿಣದ ಗೇಟು. ಕಾವಲಿನವನು ರೇಡಿಯೋದಲ್ಲಿ, ಸೆಳೆತ ಜೋರಾಗಿದೆ, ಕ್ಯಾಪ್ಟನ್ ಯಾರು ಎಂದು ಕೇಳಿದ. "ನಾನೇ" ಎಂದೆ. ಗೇಟು ತೆರೆದ. ಅವನಿಗೆ ಬೇಕಾದದ್ದು ಬೋಟು ನಡೆಸಬಲ್ಲ ಕೈ. ಹಣೆಯ ಕುಂಕುಮದ ಗೊಡವೆ ಅವನಿಗೇಕೆ?

ನದಿಗಿಳಿದದ್ದೇ ಸೆಳೆತ ಬೋಟಿನ ಮೂತಿಯನ್ನು ಸಮುದ್ರದ ಕಡೆ ಎಳೆಯಿತು. ಬೆಲ್ಲ ಬೊಗಳಿದ. ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಹಲ್ಲು ಕಚ್ಚಿ ಚುಕ್ಕಾಣಿ ತಿರುಗಿಸಿದೆ. ಬೋಟು ಗೊಣಗುತ್ತ ಹರಿವಿಗೆ ಎದುರಾಯಿತು. ನಡುಹೊಳೆಗೆ ಬಂದು, ನನ್ನ ಕೈಯಿಂದಲೇ ಹೊಳೆವ್ವನ ಉಡಿ ತುಂಬಿದೆ.

ಆಚೆ ದಡದಲ್ಲಿ ಬೋಟು ನಿಲ್ಲಿಸುವ ಹಲಗೆಯ ಕಟ್ಟೆಯ ಮೇಲೆ, ಫುಲ್‌ಶೀರ್‌ನಿಂದ ಬಂದ ಹೆಂಗಸರು ರೇಷ್ಮೆ ಸೀರೆಯುಟ್ಟು ಬೋಟಿಗೆ ಕಾಯುತ್ತಿದ್ದರು. ಹೋಗಿ ಕಟ್ಟೆಗೆ ತಾಗಿಸಿದೆ.

"ಇದೇನ್ರಿ ಆಂಟಿ! ಬ್ಯಾಡ ಅಂದ್ರೂ..." ಎಂದಳು ನಿವೇದಿತಾ.

"ಹೊಳೆವ್ವ ನನ್ನ ಕೈಲೆ ಉಡಿ ತುಂಬಿಸ್ಕೊಂಡಾಳ. ನೀವೂ ಬರ್ರಿ, ಕರಕೊಂಡ ಹೋಗ್ತೀನಿ. ಆದ್ರ ಮೊದಲ ನನ್ನ ಉಡಿ ತುಂಬ್ರಿ. ಆಮ್ಯಾಲ ಹೊಳೀದು."

ಸೆರಗು ಒಡ್ಡಿ ನಿಂತೆ. ಕೊನೆಗೆ ಹೊಸದಾಗಿ ಮದುವೆಯಾಗಿ ಬಂದಿದ್ದ ಮೈಸೂರಿನ ಮಧುರಾ ಮುಂದೆ ಬಂದಳು.

"ನಮ್ಮ ಕಡೆ ಇದನ್ನ ಹೇಗೆ ಮಾಡ್ತಾರೋ ಗೊತ್ತಿಲ್ಲ ಆಂಟಿ. ಒಂದು ಹಿಡಿ ಹಾಕಿದ್ರೆ ಸಾಕಾ?"

"ಸಾಕವ್ವ."

ಅಕ್ಕಿ ಸೆರಗಿಗೆ ಬಿತ್ತು. ನಾನು ಸೆರಗು ಮಡಚಲಿಲ್ಲ. ಎಂಜಿನ್ ಹಾಗೇ ಓಡಲು ಬಿಟ್ಟು, ನಿವೇದಿತಾಳ ಕಡೆ ತಿರುಗಿ ಅದನ್ನು ಇನ್ನಷ್ಟು ಅಗಲ ಮಾಡಿದೆ.