ಮೊದಲ ನೀರು

ಬೆಳಗಿನ ಏಳು ಗಂಟೆಗೆ ಮೂಲೆಮನೆಯ ಬಾಗಿಲು ತಟ್ಟಿದಾಗ, ಅಜ್ಜಿ ಬಾಗಿಲು ತೆರೆಯುವುದಕ್ಕೂ ಮೊದಲೇ ಒಳಗಿನಿಂದ ಕೇಳಿದರು, "ಯಾರು, ಬಾಟಲಿ ಅಕ್ಕಾನಾ? ಇವತ್ತು ನಿನ್ನ ದಿನ ಅಲ್ವಲ್ಲೇ."

ಬಾಟಲಿ ಅಕ್ಕನ ಕೈಯಲ್ಲಿ ಅಂದು ಬಾಟಲಿ ಇರಲಿಲ್ಲ, ಆಮಂತ್ರಣ ಪತ್ರಗಳಿದ್ದವು. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾಜು ತೊಳೆದು, ಚೀಟಿ ಅಂಟಿಸಿ, ಮಾದರಿ ತರುವುದು ಅವಳ ಕೆಲಸ. ಎರಡು ವರ್ಷಗಳಿಂದ ತಿಂಗಳಿಗೊಮ್ಮೆ ಈ ಬೀದಿಯ ಇಪ್ಪತ್ತೆಂಟು ಮನೆಗಳಿಗೆ ಖಾಲಿ ಬಾಟಲಿ ಕೊಟ್ಟು, ಮರುದಿನ ತುಂಬಿದ್ದನ್ನು ಒಯ್ಯುತ್ತಿದ್ದಳು. ಅವಳ ನಿಜವಾದ ಹೆಸರು ಕೇಳಿದರೆ ಬೀದಿಯವರು ತಲೆ ಕೆರೆದುಕೊಳ್ಳಬೇಕಿತ್ತು.

"ನೀರು ಇನ್ನು ಬೇಡ ಅಜ್ಜಿ. ನಿಮ್ಮ ಬೀದಿ ಪಾಸಾಯ್ತು," ಎಂದು ಪತ್ರವನ್ನು ಅವರ ಕೈಗಿಟ್ಟಳು. "ಶುಕ್ರವಾರ ಸಭೆ ಇದೆ. ಹಣ ಕೊಟ್ಟೋರು ಬರ್ತಾರೆ. ನೀವು ಮುಂದಿನ ಸಾಲಲ್ಲಿ ಕೂರಬೇಕು."

ಆ ಬೀದಿಯ ನೆಲದಡಿಯಲ್ಲಿ ಅಜ್ಜಿಯ ಅಜ್ಜಿಯ ಕಾಲದ ಸೀಸದ ಪೈಪುಗಳಿದ್ದವು. ಸೀಸ ಸ್ವಲ್ಪಸ್ವಲ್ಪವಾಗಿ ನೀರಿಗೆ ಬಿಟ್ಟುಕೊಂಡು ಮಕ್ಕಳ ಮಿದುಳಿಗೆ ಏರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ಗೊತ್ತಾಗುವುದಿಲ್ಲ. ಒಂದು ದತ್ತಿ ಸಂಸ್ಥೆಯ ಅನುದಾನದಿಂದ ಬೀದಿಯ ದೊಡ್ಡ ಪೈಪನ್ನು ಬದಲಾಯಿಸಿದ್ದರು. ಬದಲಾಯಿಸಿದ ಮೇಲೆ ನೀರು ಹೇಗಿದೆ ಎಂದು ನೋಡುವುದು ಪ್ರಯೋಗಾಲಯದ ಪಾಲು. ನೋಡಿದ್ದಾಯಿತು, ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟೂ ಮನೆಗಳ ನೀರು ಶುದ್ಧ ಎಂದು ವರದಿ ಹೋಗಿ ತಿಂಗಳಾಗಿತ್ತು.

"ಪಾಸಾಗದೆ ಏನು? ನಾವೇನು ನಿನಗೆ ಎಂಥೆಂಥದೋ ನೀರು ಕೊಡ್ತಿದ್ವಾ?" ಅಜ್ಜಿ ಹೆಮ್ಮೆಯಿಂದ ಅಡುಗೆಮನೆಯ ಕಡೆ ಕೈ ಮಾಡಿದರು. "ರಾತ್ರಿಯೆಲ್ಲ ಪೈಪಲ್ಲಿ ನಿಂತಿದ್ದನ್ನ ಹೊರಗಿನವರ ಕೈಗೆ ಹಾಗೇ ಕೊಡೋಕಾಗುತ್ತಾ? ಮೊದಲನೇ ನೀರು ನಮ್ಮ ಕೆಟಲಿಗೆ. ಆಮೇಲೆ ಎರಡು ಬಕೆಟ್ ತುಂಬ್ಕೋತೀನಿ, ಮೆಟ್ಟಿಲು ತೊಳ್ಕೋತೀನಿ. ತಿಳಿಯಾಗಿ ಬರೋ ಹೊತ್ತಿಗೆ ನಿನ್ನ ಬಾಟಲಿ."

ಬಾಟಲಿ ಅಕ್ಕ ಉಳಿದ ಪತ್ರಗಳನ್ನು ಕಂಕುಳಿಗೆ ಸೇರಿಸಿದಳು. "ಅಜ್ಜಿ, ಎದ್ದ ತಕ್ಷಣ ಮೊದಲ ನೀರು ಹಿಡೀರಿ ಅಂತ ಹೇಳಿದ್ನಲ್ಲ?"

"ಎದ್ದ ತಕ್ಷಣವೇ ಹಿಡೀತಿದ್ದದ್ದು. ಐದು ನಿಮಿಷ ಹಿಂದೆಮುಂದೆ ಆದ್ರೆ ಏನಾಯ್ತು? ಎಲ್ಲರ ಮನೇಲೂ ಹಾಗೇ. ಪಕ್ಕದ ಮನೆಯವಳು ಬಾಟಲಿ ತುಂಬೋ ಮುಂಚೆ ನಲ್ಲೀನೂ ಉಜ್ಜುತಾಳೆ."

"ಕೆಟಲಿನ ನೀರು ಯಾತಕ್ಕೆ?"

"ಮಗೂ ಹಾಲಿನ ಪುಡಿಗೆ. ಹೇಗಿದ್ರೂ ಕುದಿಸ್ತೀವಲ್ಲ."

ಒಳಗಿನಿಂದ ಸೊಸೆ ಒಂದೂವರೆ ವರ್ಷದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ನಕ್ಕಳು. ಹೋದ ವರ್ಷ ಇದೇ ಹೊಸ್ತಿಲಲ್ಲಿ ನಿಂತು, ನೀರು ಚೆನ್ನಾಗಿದೆ, ಕ್ಯಾನ್ ನೀರಿಗೆ ಯಾಕೆ ದುಡ್ಡು ಸುರೀತೀಯ ಎಂದು ಅವಳಿಗೆ ಹೇಳಿದ್ದು ಬಾಟಲಿ ಅಕ್ಕನೇ. ಅಂದಿನಿಂದ ಕ್ಯಾನ್ ತರುವುದು ನಿಂತಿತ್ತು.

ಬಾಟಲಿ ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತೆಸೊಸೆ ಇಬ್ಬರಿಗೂ ಬಿಡಿಸಿ ಹೇಳಿದಳು. ಬೀದಿಯ ಪೈಪು ಹೊಸದಾದರೂ ಮನೆಯೊಳಗಿನದು ಹಳೆಯದೇ. ಆರೇಳು ಗಂಟೆ ಅದರಲ್ಲಿ ನಿಂತ ನೀರಿನಲ್ಲಿ ಸೀಸ ಇಳಿದಿರುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೀಸ ಹೋಗುವುದಿಲ್ಲ. "ನನಗೆ ಕೊಟ್ಟ ನೀರನ್ನ ನೀವು ಕುಡೀಬೇಕಿತ್ತು ಅಜ್ಜಿ. ನೀವು ಕುಡಿದ ನೀರನ್ನ ನನಗೆ ಕೊಡಬೇಕಿತ್ತು."

ಅಜ್ಜಿಯ ಮುಖ ಸಣ್ಣದಾಯಿತು. "ಮರ್ಯಾದೆ ಮಾಡೋಕೆ ಹೋಗಿ ಮಗೂಗೆ ವಿಷ ಹಾಕಿದ್ನೇನೇ," ಎಂದರು.

"ತಪ್ಪು ನಿಮ್ಮದಲ್ಲ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದೋಳು, ಒಂದು ದಿನವಾದ್ರೂ ಅಡುಗೆಮನೇಲಿ ನಿಂತು ನೋಡಬಾರದಿತ್ತಾ ನಾನು? ಬಾಗಿಲಲ್ಲೇ ಬಾಟಲಿ ಇಸ್ಕೊಂಡು, ಮೊದಲ ನೀರು ಅಂತ ಬರೆದು, ಕೆಳಗೆ ಸಹಿ ಹಾಕ್ಕೊಂಡು ಹೋದೆ." ಅವಳಿಗೆ ತನ್ನ ಮೇಲೆ ತನಗೇ ಸಿಟ್ಟು ಬಂದಿತ್ತು.

ಮರುದಿನ ನಸುಕಿನಲ್ಲಿ ಐದು ಮನೆಗಳ ಅಡುಗೆಮನೆಯಲ್ಲಿ ತಾನೇ ನಿಂತು ಮೊದಲ ನೀರು ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಯಂತ್ರ ಉತ್ತರ ಕೊಟ್ಟಿತ್ತು. ನಾಲ್ಕು ಮನೆಗಳಲ್ಲಿ ಸೀಸ ಮಿತಿ ಮೀರಿತ್ತು. ಮೂಲೆಮನೆಯಲ್ಲಿ ಮಿತಿಯ ನಾಲ್ಕು ಪಟ್ಟು.

ಗುರುವಾರ ಆ ಹಾಳೆ ಹಿಡಿದು ಪ್ರಯೋಗಾಲಯದ ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಮರುದಿನದ ಭಾಷಣ ತಿದ್ದುತ್ತಿದ್ದರು. ಹಾಳೆಯನ್ನು ಎರಡು ಸಲ ಓದಿ, ಎದ್ದು ಬಾಗಿಲು ಹಾಕಿಕೊಂಡರು.

"ಇದನ್ನ ಬೇರೆ ಯಾರಿಗಾದ್ರೂ ತೋರಿಸಿದ್ರಾ ಅಕ್ಕ?"

"ನಾಳೆ ನೀವು ತೋರಿಸ್ತೀರಿ ಅಂತ ನಿಮಗೆ ಕೊಡೋಕೆ ಬಂದೆ ಸರ್."

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ ನಾನು ಹೋಗಿ, ಎರಡು ವರ್ಷದ ಮಾದರಿ ಎಲ್ಲಾ ತಪ್ಪು ಅಂದ್ರೆ, ಇನ್ನು ಮುಂದೆ ನಮ್ಮ ಅರ್ಜಿ ಯಾರೂ ಬಿಚ್ಚಿ ನೋಡಲ್ಲ. ಮುಂದಿನ ಹಂತದಲ್ಲಿ ಇನ್ನೂ ಆರು ಬೀದಿ ಇದೆ. ಅಲ್ಲೂ ಮಕ್ಕಳಿದ್ದಾರೆ. ಇಲ್ಲಿ ಒಂಬತ್ತು ಜನರ ಕೆಲಸ ಈ ಅನುದಾನದ ಮೇಲೆ ನಿಂತಿದೆ, ನಿಮ್ಮದೂ ಸೇರಿ. ನಾನು ನನ್ನ ಜೇಬು ತುಂಬ್ಕೊಳ್ಳೋಕೆ ಹೇಳ್ತಿಲ್ಲ."

"ಅದು ನನಗೆ ಗೊತ್ತು ಸರ್."

"ಹಾಗಾದ್ರೆ ಕೇಳಿ. ನಲ್ಲಿ ಐದು ನಿಮಿಷ ಬಿಟ್ಟು ಆಮೇಲೆ ಕುಡೀರಿ ಅಂತ ಬೀದಿಯವರಿಗೆ ನೀವೇ ಮೆಲ್ಲಗೆ ಹೇಳಿಬಿಡಿ. ಮಕ್ಕಳಿಗೆ ತೊಂದರೆ ತಪ್ಪುತ್ತೆ. ವರದಿ ಪಾಡಿಗೆ ವರದಿ ಇರಲಿ. ಮುಂದಿನ ಹಂತದಲ್ಲಿ ಸರಿ ಮಾಡೋಣ."

"ಹೇಳಿ ಆಯ್ತು. ಆದ್ರೆ ಜನ ಎಷ್ಟು ದಿನ ನೆನಪಿಟ್ಕೋತಾರೆ? ನಾಳೆ ಬಾಡಿಗೆಗೆ ಬೇರೆಯವರು ಬಂದ್ರೆ ಅವರಿಗೆ ಯಾರು ಹೇಳ್ತಾರೆ? ಮನೆಯೊಳಗಿನ ಪೈಪು ಕೀಳಿಸಬೇಕು ಸರ್. ಶುದ್ಧ ಅಂತ ಬರೆದಿಟ್ಟ ಬೀದಿಗೆ ಇನ್ನು ಯಾರು ಗುದ್ದಲಿ ತರ್ತಾರೆ? ಆ ಆರು ಬೀದೀಲೂ ಹೀಗೇ ಅರ್ಧ ಕೆಲಸ ಮಾಡಿ ಪಾಸು ಅಂತ ಬರೀತೀವಿ, ಅಷ್ಟೇ ತಾನೆ?"

ಮುಖ್ಯಸ್ಥರು ಹಾಳೆಯನ್ನು ಮಗುಚಿಟ್ಟರು.

"ನೀವು ವಿದ್ಯಾರ್ಥಿಯಾಗಿ ಬಂದ ವರ್ಷ ಬಾಟಲಿಗೆಲ್ಲ ಸೋಪು ಹಾಕಿ ತೊಳೆದುಬಿಟ್ಟಿದ್ರಿ," ಎಂದಳು ಅವಳು. "ಸೋಪು ಸೇರಿ ಕೆಟ್ಟ ನಲವತ್ತು ಮಾದರಿ ಮೋರಿಗೆ ಸುರಿದ್ವಿ. ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತೂ ಆಗ್ತಿರಲಿಲ್ಲ. ತಪ್ಪು ನನ್ನದು ಅಂತ ನೀವೇ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ರಿ. ಆ ಪುಟ ಇನ್ನೂ ಇದೆ."

"ಆಗ ನನಗೆ ಇಪ್ಪತ್ತಮೂರು ವರ್ಷ ಅಕ್ಕ. ಕಳ್ಕೊಳ್ಳೋಕೆ ಏನೂ ಇರಲಿಲ್ಲ," ಎಂದು ಅವರು ಭಾಷಣದ ಕಡೆ ತಿರುಗಿಕೊಂಡರು. "ನಾಳೆ ವೇದಿಕೆಗೆ ಕರೀತೀನಿ. ಎರಡೇ ಮಾತು ಧನ್ಯವಾದ ಹೇಳಿ, ಇಳಿದುಬಿಡಿ."

"ನೀವು ಹೇಳದಿದ್ರೆ ನಾನು ಹೇಳ್ತೀನಿ ಸರ್. ಆಮೇಲೆ ಬೆನ್ನ ಹಿಂದೆ ಮಾಡಿದ್ಲು ಅನ್ನಬೇಡಿ."

ಶುಕ್ರವಾರ ಸಮುದಾಯ ಭವನದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ವೇದಿಕೆಯ ಹಿಂದೆ 'ಸೀಸಮುಕ್ತ ಬೀದಿ' ಎಂಬ ಬ್ಯಾನರ್ ಗೋಡೆಯ ಆ ತುದಿಯಿಂದ ಈ ತುದಿಗೆ ಹರಡಿತ್ತು. ದತ್ತಿ ಸಂಸ್ಥೆಯಿಂದ ಬಂದಿದ್ದ ಮೇಡಂ ಮಾತು ಕಡಿಮೆಯ ಹೆಂಗಸು, ತೊಡೆಯ ಮೇಲೆ ಕಡತ ಇಟ್ಟುಕೊಂಡು ಕುಳಿತಿದ್ದರು. ಮುಖ್ಯಸ್ಥರು ಚೆನ್ನಾಗಿಯೇ ಮಾತಾಡಿದರು, ಚಪ್ಪಾಳೆಯೂ ಬಿತ್ತು. ಐದು ಮನೆಗಳ ಹಾಳೆಯ ಸುದ್ದಿ ಮಾತ್ರ ಬರಲಿಲ್ಲ. ಕೊನೆಗೆ ಬಾಟಲಿ ಅಕ್ಕನನ್ನು ಕರೆದು ಕೈಗೊಂದು ಹೂಗುಚ್ಛ ಕೊಟ್ಟರು.

ಅವಳು ಹೂಗುಚ್ಛವನ್ನು ಮೇಜಿನ ಮೇಲಿಟ್ಟು ಮೈಕ್ ಹಿಡಿದಳು.

"ನನಗೆ ಭಾಷಣ ಬರಲ್ಲ. ಈ ಬೀದಿಯ ಪ್ರತಿ ಬಾಟಲಿ ಮೇಲೂ ಮೊದಲ ನೀರು ಅಂತ ಬರೆದು ಸಹಿ ಹಾಕಿದೋಳು ನಾನು. ಅದು ಮೊದಲ ನೀರಾಗಿರಲಿಲ್ಲ. ನಲ್ಲಿ ಬಿಟ್ಟು ತಿಳಿಯಾದ ಮೇಲೆ ಹಿಡಿದ ನೀರು. ಮೊನ್ನೆ ಐದು ಮನೇಲಿ ಸರಿಯಾಗಿ ಹಿಡಿದೆ, ನಾಲ್ಕರಲ್ಲಿ ಸೀಸ ಇದೆ. ನನ್ನ ಸಹಿ ನಾನು ವಾಪಸ್ ತಗೋತೀನಿ. ಈ ಬೀದಿ ಪಾಸಾಗಿಲ್ಲ."

ಭವನದಲ್ಲಿ ಗುಸುಗುಸು ಎದ್ದಿತು. ಯಾರೋ ಮೈಕ್ ತೆಗೆದುಕೊಳ್ಳಲು ಬಂದರು, ಜಪ್ಪಯ್ಯ ಎಂದರೂ ಅವಳು ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಅಜ್ಜಿ ಕುರ್ಚಿ ಹಿಡಿದುಕೊಂಡು ಎದ್ದು ನಿಂತರು.

"ಅವಳನ್ನ ಯಾಕೆ ಇಳಿಸ್ತೀರಿ? ನೀರು ಕೊಟ್ಟೋಳು ನಾನು, ನನ್ನ ಕೇಳಿ. ನನ್ನ ಮೊಮ್ಮಗು ಕುಡಿದಿದ್ದು ಒಂದು ನೀರು, ನಿಮ್ಮ ಪುಸ್ತಕಕ್ಕೆ ಹೋಗಿದ್ದು ಇನ್ನೊಂದು ನೀರು."

ಮೇಡಂ ಕಡತ ಮುಚ್ಚಿದರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. "ಇದನ್ನ ಕೇಳಿದ ಮೇಲೆ ಮುಂದಿನ ಕಂತು ನಾನು ತಡೆಹಿಡೀಲೇಬೇಕು. ಅದು ನಿಮಗೆ ಗೊತ್ತು ತಾನೆ?"

"ತಡೀರಿ ಮೇಡಂ. ಅದರ ಜೊತೆ ಬೀದಿ ಶುದ್ಧ ಅಂತ ಬರೆದಿರೋ ಆ ಪುಟಾನೂ ತಡೀರಿ."

"ಬಾಯಿಮಾತಿನ ಮೇಲೆ ವರದಿ ತಿದ್ದೋಕಾಗಲ್ಲ. ಸೋಮವಾರದೊಳಗೆ ಎಲ್ಲಾ ಮನೆಗಳ ಹೊಸ ಮಾದರಿ ಬರಬೇಕು, ಅದರ ಮೇಲೆ ನಿಮ್ಮ ಮುಖ್ಯಸ್ಥರ ಸಹಿ ಇರಬೇಕು. ಇಲ್ಲದಿದ್ರೆ ಹಳೇ ವರದಿಯೇ ಉಳಿಯುತ್ತೆ."

ಸಭೆ ಚದುರಿದ ಮೇಲೆ ಓಣಿಯಲ್ಲಿ ಮುಖ್ಯಸ್ಥರು ಅವಳನ್ನು ತಡೆದರು. ಅವರ ತುಟಿ ಬಿಳಚಿಕೊಂಡಿತ್ತು. "ಒಂಬತ್ತು ಮನೆಗಳ ಅನ್ನಕ್ಕೆ ಮಣ್ಣು ಹಾಕಿದ್ರಿ. ನಾನು ಯಾವ ಸಹೀನೂ ಹಾಕಲ್ಲ. ನಾಳೆಯಿಂದ ನೀವು ಬರೋದೂ ಬೇಡ."

"ಪ್ರಯೋಗಾಲಯ ನಿಮ್ಮದು ಸರ್, ಬರಬೇಡ ಅಂದ್ರೆ ಬರಲ್ಲ," ಎಂದಳು ಅವಳು. "ಬೀದಿಗೆ ಹೋಗಬೇಡ ಅನ್ನೋಕೆ ಮಾತ್ರ ಬರಬೇಡಿ."

ಊರಿನ ಬಸ್ಸು ಓಡಿಸುವ ಗಂಡ ಸಂಜೆ ಎಲ್ಲ ಕೇಳಿಸಿಕೊಂಡ. ಆಮೇಲೆ, "ಕೆಲಸ ಹೋಯ್ತು, ಸಹಿ ಹಾಕೋರೂ ಇಲ್ಲ. ಇನ್ನು ಯಾರಿಗೋಸ್ಕರ ನೀರು ಹಿಡೀತೀಯ?" ಎಂದು ಕೇಳಿದ.

"ಮೂಲೆಮನೆ ಸೊಸೆಗೆ ಚೆನ್ನಾಗಿದೆ ಅಂತ ಹೇಳಿದ ಬಾಯಿ ಇದು," ಎಂದಳು ಅವಳು. ಮನೆಯಲ್ಲಿ ಉಳಿದಿದ್ದ ಎರಡು ಬುಟ್ಟಿ ಬಾಟಲಿಗಳನ್ನು ಅವಳು ಎಣಿಸುವಾಗ ಗಂಡ, "ನಿನ್ನ ಹಟಕ್ಕಿಷ್ಟು," ಎಂದು ಗೊಣಗುತ್ತ ಹೆಚ್ಚು ಭಾರದ ಬುಟ್ಟಿಯನ್ನು ತನ್ನ ಚಪ್ಪಲಿಯ ಪಕ್ಕಕ್ಕೆ ಎಳೆದಿಟ್ಟುಕೊಂಡ.

ಶನಿವಾರ ಬೆಳಕು ಹರಿಯುವಾಗ ಇಬ್ಬರೂ ಬೀದಿಗೆ ಬಂದರು. ಬಾಗಿಲುಗಳೆಲ್ಲ ಆಗಲೇ ತೆರೆದಿದ್ದವು, ಹೆಂಗಸರು ಹೊಸ್ತಿಲಲ್ಲಿ ಕಾಯುತ್ತಿದ್ದರು. ಮೂಲೆಮನೆಯ ಅಡುಗೆಮನೆಯಲ್ಲಿ ನಲ್ಲಿಯ ಬಾಯಿಗೆ ಅಂಟುಪಟ್ಟಿ ಸುತ್ತಿತ್ತು, ಅದರ ಮೇಲೆ ಸೊಸೆಯ ಅಕ್ಷರದಲ್ಲಿ 'ಮುಟ್ಟಬೇಡಿ' ಎಂದಿತ್ತು. ಇಪ್ಪತ್ತೆಂಟೂ ಮನೆಗಳಲ್ಲಿ ಹೀಗೇ ಸುತ್ತಿದ್ದೇವೆ, ರಾತ್ರಿ ಬಾಯಾರಿದವರಿಗೆಲ್ಲ ಬೈದು ಮಲಗಿಸಿದ್ದೇವೆ ಎಂದು ಅಜ್ಜಿ ಹೇಳಿದರು.

ಬಾಟಲಿ ಅಕ್ಕ ಪಟ್ಟಿ ಬಿಚ್ಚಲು ಕೈ ಹಾಕಿದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮುಖ್ಯಸ್ಥರು ನಿಂತಿದ್ದರು. ಗಡ್ಡ ಹೆರೆದಿರಲಿಲ್ಲ, ಕಾಲಲ್ಲಿ ಮನೆಯ ಚಪ್ಪಲಿ ಇತ್ತು. ಕಂಕುಳಲ್ಲಿ ಒಂದು ಹಳೆಯ ಪುಸ್ತಕವಿತ್ತು, ರಟ್ಟು ನೋಡಿಯೇ ಅದು ಯಾವ ವರ್ಷದ್ದೆಂದು ಅವಳಿಗೆ ಗೊತ್ತಾಯಿತು.

"ಆ ಪುಟ ಹುಡುಕೋಕೆ ತುಂಬಾ ಹೊತ್ತು ಬೇಕಾಯ್ತು," ಎಂದಷ್ಟೇ ಹೇಳಿದರು. ಪುಸ್ತಕವನ್ನು ಕಟ್ಟೆಯ ಮೇಲಿಟ್ಟು, ಅಂಗಿಯ ತೋಳು ಮಡಚಿ, ಬುಟ್ಟಿಯಿಂದ ಒಂದು ಬಾಟಲಿ ತೆಗೆದು ನಲ್ಲಿಯ ಕೆಳಗೆ ಹಿಡಿದರು.

ಅಜ್ಜಿಗೆ ಆಗಲೂ ಸಂಕೋಚ. "ರಾತ್ರಿಯೆಲ್ಲ ನಿಂತ ನೀರಪ್ಪ. ನಿಮ್ಮಂಥೋರ ಕೈಗೆ ಇದನ್ನ ಹೇಗೆ ಕೊಡಲಿ?"

"ಇದನ್ನೇ ಕೊಡಿ ಅಮ್ಮ," ಎಂದರು ಮುಖ್ಯಸ್ಥರು.

ಬಾಟಲಿ ಅಕ್ಕ ಪಟ್ಟಿ ಬಿಚ್ಚಿ ನಲ್ಲಿ ತಿರುಗಿಸಿದಳು. ಬಾಟಲಿ ತುಂಬಿತು. ನೋಡಿದರೆ ಕನ್ನಡಿಯಷ್ಟು ತಿಳಿಯಾಗಿತ್ತು. ಮುಖ್ಯಸ್ಥರು ಮುಚ್ಚಳ ಬಿಗಿದು, ಅವಳ ಕೈಯಿಂದ ಪೆನ್ನು ಇಸಿದುಕೊಂಡು, ಚೀಟಿಯ ಮೇಲೆ ಮೊದಲ ನೀರು ಎಂದು ಬರೆದು ಕೆಳಗೆ ಸಹಿ ಹಾಕಿದರು. ಅದರ ಪಕ್ಕದಲ್ಲಿ ಅವಳ ಸಹಿಗೆ ಜಾಗ ಬಿಟ್ಟಿದ್ದರು.

ಅವಳು ಸಹಿ ಹಾಕಿ, ಬಾಟಲಿಯನ್ನು ಬುಟ್ಟಿಯಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ಇನ್ನೂ ಇಪ್ಪತ್ತೇಳು ಮನೆ ಇದೆ ಸರ್," ಎಂದಳು. "ಬೇಗ ನಡೀರಿ. ಮಕ್ಕಳು ಎದ್ದು ನೀರು ಕೇಳೋ ಹೊತ್ತಾಯ್ತು."